ಮಂಡಕ್ಕಿ ಹಗುರ, ಡೀಸೆಲ್ ಖರ್ಚು ಭಾರ: ಪಿಕಪ್, ಲಾರಿಗೆ ಗಾಳಿ ತಡೆ ಕಡಿಮೆ ಮಾಡುವುದು ಹೇಗೆ

ಮಂಡಕ್ಕಿ ಚೀಲ ನೋಡಿದ್ದೀರಲ್ಲ? ಆಳೆತ್ತರ ಇರುತ್ತದೆ. ಭಟ್ಟಿ ಹುಡುಗರು ಅದನ್ನು ಒಂದೇ ಕೈಯಲ್ಲಿ ಎತ್ತಿ ಗಾಡಿ ಮೇಲೆ ಎಸೆಯುತ್ತಾರೆ. ಪಿಕಪ್ ತುಂಬಿ, ಕ್ಯಾಬಿನ್‌ಗಿಂತ ಮೂರಡಿ ಮೇಲೆ ಪೇರಿಸಿದರೂ ಹಿಂದಿನ ಸ್ಪ್ರಿಂಗ್ ಪಟ್ಟಿ ಬಗ್ಗಿದ್ದೇ ಕಾಣುವುದಿಲ್ಲ. ಇಷ್ಟು ಹಗುರದ ಲೋಡಿಗೆ ಮೈಲೇಜ್ ಚೆನ್ನಾಗಿ ಬರಬೇಕು ಅಲ್ವಾ? ಬರುವುದಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಮೆಕ್ಕೆಜೋಳ ಹೊತ್ತು ಹೋದಾಗ ಎಷ್ಟು ಡೀಸೆಲ್ ಕುಡಿಯುತ್ತದೋ, ಮಂಡಕ್ಕಿ ಹೊತ್ತಾಗಲೂ ಅಷ್ಟೇ ಕುಡಿಯುತ್ತದೆ. ಜೋರಾಗಿ ಓಡಿಸಿದರೆ ಇನ್ನೂ ಜಾಸ್ತಿ.

ಮೊದಮೊದಲು ನಾನೂ ಗಾಡಿಯನ್ನೇ ಬೈದೆ. ಏರ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಚೆಕ್ ಮಾಡಿಸಿದೆ, ಬಂಕಿನವರ ಮೇಲೆ ಅನುಮಾನ ಪಟ್ಟೆ. ಟೈರಿನ ಗಾಳಿ ನೋಡಿದೆ (ಅದನ್ನು ನೀವೂ ಮೊದಲು ನೋಡಿ, ಬಿಟ್ಟಿ ಕೆಲಸ). ಕೊನೆಗೆ ವಿಷಯ ಗೊತ್ತಾಗಿದ್ದು ಹುಳುಗಳಿಂದ. ರಾತ್ರಿ ಹಿರಿಯೂರು ದಾಟಿ, ಬೆಂಗಳೂರು ಮುಟ್ಟಿ, ಬೆಳಿಗ್ಗೆ ತಾಡಪಾಲು ಬಿಚ್ಚುವಾಗ ನೋಡುತ್ತೇನೆ, ಕ್ಯಾಬಿನ್ ಗಾಜಿಗಿಂತ ಮೇಲೆ ಎದ್ದು ನಿಂತಿದ್ದ ಲೋಡಿನ ಮುಖದ ಮೇಲೆ ಅಡ್ಡಕ್ಕೆ ಒಂದು ಪಟ್ಟಿ. ಪೂರ್ತಿ ಸತ್ತ ಹುಳು, ಅದರ ಮೇಲೆ ಧೂಳು. ಯಾರೋ ಬ್ರಷ್ ತಗೊಂಡು ಬಳಿದ ಹಾಗೆ. ಗಾಳಿ ಗುದ್ದುತ್ತಿರುವುದು ಅಲ್ಲಿ. ನಾನು ಮಂಡಕ್ಕಿಯನ್ನಲ್ಲ, ಒಂದು ಗೋಡೆಯನ್ನು ಎತ್ತಿ ಹಿಡಿದುಕೊಂಡು ಬೆಂಗಳೂರಿಗೆ ತಳ್ಳುತ್ತಿದ್ದೆ.

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರಾಗಬೇಡಿ. ಗಾಳಿ ಗಾಡಿಯನ್ನು ಹಿಂದಕ್ಕೆ ತಳ್ಳುವ ಬಲ ನಾಲ್ಕು ವಿಷಯದ ಮೇಲೆ ನಿಂತಿದೆ: ಗಾಡಿಯ ಎದುರುಗಡೆಯ ಒಟ್ಟು ಅಗಲ ಎತ್ತರ, ಅದರ ಆಕಾರ, ಗಾಳಿಯ ಸಾಂದ್ರತೆ, ಮತ್ತೆ ಸ್ಪೀಡು. ಸ್ಪೀಡಿನದು ಮಾತ್ರ ವರ್ಗದ ಲೆಕ್ಕ. ಅಂದರೆ ಸ್ಪೀಡ್ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟು. ಎತ್ತರಕ್ಕೆ ಲೋಡ್ ಹಾಕಿದ ಪಿಕಪ್ಪಿನ ಎದುರು ಮುಖ ಸುಮಾರು ನಾಲ್ಕೂವರೆ ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಆಕಾರದ ಅಂಕಿ, ಅಂದರೆ ಡ್ರ್ಯಾಗ್ ಕೋಎಫಿಶಿಯೆಂಟ್, 0.7 ಅನ್ನೋಣ. ಈಗಿನ ಕಾರುಗಳದು 0.3ರ ಆಸುಪಾಸು ಇರುತ್ತದೆ, ನಮ್ಮದು ಪೆಟ್ಟಿಗೆ, ಏನು ಮಾಡುವುದು. 80 ಕಿಲೋಮೀಟರ್ ಸ್ಪೀಡಿನಲ್ಲಿ ಗಾಳಿಯ ಬಲ ಹೆಚ್ಚುಕಡಿಮೆ 870 ನ್ಯೂಟನ್ ಬರುತ್ತದೆ, ಅಂದರೆ 90 ಕೆಜಿಯ ಆಳೊಬ್ಬ ಹಗ್ಗಕ್ಕೆ ಜೋತುಬಿದ್ದಷ್ಟು ಭಾರ ಹಿಂದಕ್ಕೆ ಜಗ್ಗಿದ ಹಾಗೆ. ಎರಡು ಟನ್ ತೂಕದ ಗಾಡಿಯ ಟೈರುಗಳು ಉರುಳುವುದಕ್ಕೆ ಬೇಕಾದ ಬಲ 200 ನ್ಯೂಟನ್ ಅಷ್ಟೇ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ತಳ್ಳುವುದಕ್ಕೇ ಐದು ರೂಪಾಯಿ ಡೀಸೆಲ್ ಹೋದರೆ ನಾಲ್ಕು ರೂಪಾಯಿ ಗಾಳಿಗೆ, ಒಂದು ರೂಪಾಯಿ ಟೈರಿಗೆ. ಮಂಡಕ್ಕಿಗೆ ಬಿಡಿಗಾಸೂ ಇಲ್ಲ!

ಮೆಕ್ಕೆಜೋಳ, ಸಿಮೆಂಟು, ಕಬ್ಬಿಣ ಹೊಡೆಯುವವರ ಲೆಕ್ಕ ಬೇರೆ. ಅವರ ಲೋಡು ಡಾಲೆಯೊಳಗೇ (ಗಾಡಿ ಹಿಂದಿನ ಲೋಡ್ ತುಂಬುವ ತೊಟ್ಟಿ) ಮುಗಿಯುತ್ತದೆ, ತೂಕ ಜಾಸ್ತಿ, ಏರಿನಲ್ಲಿ ಡೀಸೆಲ್ ಹೋಗುತ್ತದೆ. ಅವರಿಗೂ ಗಾಳಿಯ ಪಾಲು ಸಣ್ಣದಲ್ಲ, ಆದರೆ ನಾನು ಹೇಳುವ ಕೆಲಸಗಳ ಪೂರ್ತಿ ಲಾಭ ಸಿಗುವುದು ಮಂಡಕ್ಕಿ, ಹತ್ತಿ, ಹುಲ್ಲು, ಖಾಲಿ ಕ್ರೇಟು, ಥರ್ಮಾಕೋಲು, ಕೊರಿಯರ್ ಡಬ್ಬ ಹೊಡೆಯುವವರಿಗೆ. ಊರೊಳಗಿನ ಪಿ.ಬಿ. ರಸ್ತೆಯಲ್ಲೇ ದಿನವೆಲ್ಲ ಸುತ್ತುವ ಏಸ್‌ನಂಥ ಚಿಕ್ಕ ಗೂಡ್ಸ್ ಗಾಡಿಯವರು ಇದನ್ನು ಓದಿ ಖುಷಿಪಡಬಹುದು, ದುಡ್ಡು ಹಾಕಬೇಡಿ. ಮೂವತ್ತರ ಸ್ಪೀಡಿನಲ್ಲಿ ಗಾಳಿ ಹೆಚ್ಚೇನೂ ಮಾಡುವುದಿಲ್ಲ.

ಮೊದಲು ಕಾಲು, ಆಮೇಲೆ ಸ್ಪ್ಯಾನರ್

ಯಾವ ಶೀಟೂ ಹೊಡೆಯದೆ, ಬಲಗಾಲನ್ನು ಸ್ವಲ್ಪ ಸಡಿಲ ಮಾಡಿದರೆ ಬರುವ ಲಾಭವೇ ದೊಡ್ಡದು. ಗೂಡ್ಸ್ ಗಾಡಿಗೆ ಹೇಗೂ 80ರ ಮಿತಿ ಇದೆ. 80ರಿಂದ 70ಕ್ಕೆ ಇಳಿಸಿದರೆ ಗಾಳಿಯ ಬಲ ನೂರಕ್ಕೆ 23 ಪಾಲು ಇಳಿಯುತ್ತದೆ. 60ಕ್ಕೆ ಇಳಿಸಿದರೆ 44 ಪಾಲು. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. 80ರಲ್ಲಿ ಎರಡೂವರೆ ಗಂಟೆ, 70ರಲ್ಲಿ ಇಪ್ಪತ್ತು ನಿಮಿಷ ಜಾಸ್ತಿ. ಆ ಇಪ್ಪತ್ತು ನಿಮಿಷವನ್ನು ನಾವು ದಾರಿಯಲ್ಲಿ ಟೀ ಕುಡಿದೇ ಕಳೆಯುತ್ತೇವೆ.

ಇಲ್ಲಿ ಇನ್ನೊಂದು ವಿಷಯ. ಗಾಡಿಗೆ ತಾಗುವುದು ಮೀಟರಿನ ಸ್ಪೀಡಲ್ಲ, ಗಾಳಿಯ ಸ್ಪೀಡು. ಎದುರಿಗೆ 20ರ ಗಾಳಿ ಬೀಸುತ್ತಿದ್ದರೆ ನಿಮ್ಮ 60 ಗಾಳಿಯ ಲೆಕ್ಕದಲ್ಲಿ 80. ಆಷಾಢದಲ್ಲಿ ಐಮಂಗಲ, ಚಿತ್ರದುರ್ಗದ ಬಯಲಿನಲ್ಲಿ ಹೋಗುವಾಗ ಸ್ಟೇರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ, ಪಡುವಣ ಗಾಳಿ ಪಕ್ಕೆಗೆ ತಳ್ಳುತ್ತಿರುತ್ತದೆ. ಅಲ್ಲಿ ಗುಡ್ಡದ ಮೇಲೆಲ್ಲ ವಿಂಡ್‌ಮಿಲ್ ನೆಟ್ಟಿರುವುದು ಸುಮ್ನೆ ಅಲ್ಲ. ನಮ್ಮ ಹೈವೇ ಆಗ್ನೇಯದಿಂದ ವಾಯವ್ಯಕ್ಕೆ ಓಡುವುದರಿಂದ ಆ ತಿಂಗಳುಗಳಲ್ಲಿ ದಾವಣಗೆರೆ ಕಡೆ ಬರುವಾಗ ಗಾಳಿ ಓರೆಯಾಗಿ ಎದುರಾಗುತ್ತದೆ. ಅಂಥ ದಿನ ಮೈಲೇಜ್ ಬಿತ್ತು ಅಂತ ಮೆಕ್ಯಾನಿಕ್ ಹತ್ತಿರ ಓಡಬೇಡಿ. ಹತ್ತು ಕಿಲೋಮೀಟರ್ ಸ್ಪೀಡ್ ಇಳಿಸಿ, ಎತ್ತರದ ಲೋಡಿಗೆ ಅದೇ ಕ್ಷೇಮ ಕೂಡ.

ಪೇರಿಸುವುದರಲ್ಲೇ ಅರ್ಧ ಕೆಲಸ

ತೆರೆದ ಬಾಡಿಯ ಗಾಡಿಗೆ ಒಂದು ರೂಪಾಯಿ ಖರ್ಚಿಲ್ಲದ ಮಾರ್ಪಾಡು ಇದು. ಆದರೂ ಹೆಚ್ಚಿನವರು ಮಾಡುವುದಿಲ್ಲ, ಯಾಕೆಂದರೆ ಲೋಡ್ ಮಾಡುವ ಹುಡುಗರಿಗೆ ಹೇಳುವ ತಾಳ್ಮೆ ಇರುವುದಿಲ್ಲ.

ಮುಂದಿನ ಸಾಲಿನ ಚೀಲಗಳನ್ನು ಕ್ಯಾಬಿನ್ ಎತ್ತರಕ್ಕಿಂತ ಒಂದೇ ಚೀಲದಷ್ಟು ಮೇಲೆ ನಿಲ್ಲಿಸಿ. ಅದರ ಹಿಂದಿನ ಸಾಲು ಪೂರ್ತಿ ಎತ್ತರ. ಬದಿಯಿಂದ ನೋಡಿದರೆ ಗೋಡೆ ಕಾಣಬಾರದು, ಇಳಿಜಾರು ಕಾಣಬೇಕು. ಮೂಲೆಯ ಚೀಲಗಳನ್ನು ಅಡ್ಡ ಮಲಗಿಸಿ, ಚೂಪಾದ ಅಂಚು ಬರದಂತೆ ಒಳಕ್ಕೆ ಒತ್ತಿ. ಮಂಡಕ್ಕಿ ಚೀಲ ಮೆತ್ತಗಿರುವುದರಿಂದ ಹಗ್ಗ ಬಿಗಿದರೆ ತಾನಾಗಿ ದುಂಡಗಾಗುತ್ತದೆ, ಅದು ನಮ್ಮ ಅದೃಷ್ಟ. ಕೊನೆಯ ಸಾಲನ್ನೂ ಒಂದು ಚೀಲ ಕಡಿಮೆ ಮಾಡಿ. ಗಾಡಿ ಹಿಂದೆ ಗಾಳಿ ಒಮ್ಮೆಲೆ ಬಿಟ್ಟುಹೋದರೆ ಅಲ್ಲಿ ಒತ್ತಡ ಕಡಿಮೆಯಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಮಣ್ಣು ರಸ್ತೆಯಲ್ಲಿ ಬಸ್ಸಿನ ಹಿಂದೆ ಧೂಳು ಸುತ್ತಿಕೊಂಡು ಬರುತ್ತದಲ್ಲ, ಅದೇ ಎಳೆತ. ಹಿಂಭಾಗ ಸ್ವಲ್ಪ ಇಳಿಜಾರಾದರೆ ಆ ಎಳೆತ ಕಡಿಮೆ.

ಒಟ್ಟು ಎರಡು ಮೂರು ಚೀಲ ಕಡಿಮೆ ಹಿಡಿಯಬಹುದು. ಬಾಡಿಗೆ ಚೀಲದ ಲೆಕ್ಕದಲ್ಲಿದ್ದರೆ ನೀವೇ ತೂಗಿ ನೋಡಿ.

ತಾಡಪಾಲಿನ ವಿಷಯ ಇನ್ನೂ ಮುಖ್ಯ. ಪಟಪಟ ಅನ್ನುವ ತಾಡಪಾಲು ಡೀಸೆಲ್ ತಿನ್ನುತ್ತಿದೆ ಅಂತಲೇ ಅರ್ಥ, ಆ ಸದ್ದಿಗೆ ಬೇಕಾದ ಶಕ್ತಿ ಟ್ಯಾಂಕಿನಿಂದಲೇ ಬರಬೇಕು ತಾನೆ. ಕಟ್ಟುವಾಗ ಮುಂದಿನಿಂದ ಶುರು ಮಾಡಿ. ಮುಂದಿನ ಅಂಚನ್ನು ಕ್ಯಾಬಿನ್ ಹಿಂದೆ ಆದಷ್ಟು ಕೆಳಗೆ ಇಳಿಸಿ, ಮಡಚಿ, ಹೆಡ್‌ಬೋರ್ಡಿನ (ಡಾಲೆಯ ಮುಂದಿನ ಗೋಡೆ) ಕೊಕ್ಕೆಗೆ ಬಿಗಿಯಿರಿ. ಗಾಳಿ ಒಳಗೆ ಹೊಗುವುದೇ ಅಲ್ಲಿಂದ, ಒಮ್ಮೆ ಹೊಕ್ಕರೆ ಇಡೀ ತಾಡಪಾಲು ಬಲೂನ್ ಆಗುತ್ತದೆ. ಎರಡು ತಾಡಪಾಲು ಜೋಡಿಸುವುದಾದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು, ಮನೆಗೆ ಹೆಂಚು ಹೊದಿಸಿದ ಹಾಗೆ. ಹೆಂಚಿನಲ್ಲಿ ನೀರು ಜಾರುವ ಕಡೆಗೆ ನೋಡುತ್ತೇವೆ, ಇಲ್ಲಿ ಗಾಳಿ ಜಾರುವ ಕಡೆಗೆ. ನಾನು ಒಂದು ವರ್ಷ ಇದನ್ನು ಉಲ್ಟಾ ಹಾಕಿಕೊಂಡು ಓಡಾಡಿದ್ದೇನೆ! ಮೇಲೆ ಎರಡಡಿಗೊಂದು ಅಡ್ಡ ಹಗ್ಗ, ಮೂಲೆಯಿಂದ ಮೂಲೆಗೆ ಎರಡು ಓರೆ ಹಗ್ಗ. ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿ ಹಗ್ಗಕ್ಕಿಂತ ಚೆನ್ನಾಗಿ ಬಿಗಿ ಹಿಡಿಯುತ್ತದೆ, ದಾರಿಯಲ್ಲಿ ಸಡಿಲ ಆಗುವುದಿಲ್ಲ.

ವಾಪಸ್ ಖಾಲಿ ಬರುವಾಗ ಡಾಲೆ ತೆರೆದುಕೊಂಡು ಬರಬೇಡಿ. ಖಾಲಿ ಡಾಲೆ ಅಂದರೆ ಗಾಳಿಗೆ ಒಂದು ತೊಟ್ಟಿ. ಅಂಚಿನ ಮಟ್ಟಕ್ಕೆ ತಾಡಪಾಲು ಬಿಗಿದರೆ ಸ್ವಲ್ಪ ಉಳಿಯುತ್ತದೆ. ನಮ್ಮೂರಲ್ಲಿ ಹುಟ್ಟುಹಬ್ಬದ ಫ್ಲೆಕ್ಸಿಗೆ ಬರ ಇಲ್ಲ, ಇಳಿಸಿದ ಮೇಲೆ ಕೇಳಿದರೆ ಸುಮ್ನೆ ಕೊಡುತ್ತಾರೆ, ಆ ಕೆಲಸಕ್ಕೆ ಚೆನ್ನಾಗಿದೆ. ಮುಖ ಮಾತ್ರ ಕೆಳಗೆ ಬರುವಂತೆ ಕಟ್ಟಿ. ಹಿಂದಿನ ಬಾಗಿಲು ಇಳಿಬಿಟ್ಟರೆ ಗಾಳಿ ಸರಾಗ ಹೋಗುತ್ತದೆ ಅನ್ನುವ ನಂಬಿಕೆ ಬಹಳ ಹಳೆಯದು. ನಿಜವಾಗಿ ಬಾಗಿಲು ಮುಚ್ಚಿದ್ದಾಗ ಡಾಲೆಯೊಳಗೆ ಗಾಳಿ ಸುತ್ತಿ ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಇಳಿಬಿಟ್ಟು ಲಾಭ ಇಲ್ಲ, ನಂಬರ್ ಪ್ಲೇಟು ಲೈಟು ಮುಚ್ಚಿ ಫೈನ್ ಬೀಳುತ್ತದೆ.

ಮತ್ತೆ ಗಾಡಿ ಸಿಂಗಾರ. ಗಾಜಿನ ಮೇಲಿನ ದೊಡ್ಡ ವೈಸರ್, ಕ್ಯಾರಿಯರ್ ರಾಡು, ಹೊರಗೆ ಎದ್ದು ನಿಂತ ಹಾರ್ನು, ಹೆಸರಿನ ಬೋರ್ಡು, ಕುಚ್ಚು. ಬೇಡವಾದ್ದನ್ನು ತೆಗೆಯಿರಿ. ದೇವರ ಹೆಸರನ್ನು ಬೋರ್ಡಿನ ಬದಲು ಸ್ಟಿಕ್ಕರಿನಲ್ಲಿ ಬರೆಸಿದರೂ ದೇವರು ಬೇಜಾರಾಗುವುದಿಲ್ಲ.

ಡಿಫ್ಲೆಕ್ಟರ್: ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದು

ಕ್ಯಾಬಿನ್ ಮೇಲೆ ಓರೆಯಾಗಿ ನಿಲ್ಲಿಸುವ ಶೀಟಿಗೆ ಡಿಫ್ಲೆಕ್ಟರ್ ಅಂತಾರೆ. ಗಾಳಿಯನ್ನು ಲೋಡಿನ ಮುಖಕ್ಕೆ ಗುದ್ದದಂತೆ ಎತ್ತಿ ಮೇಲಿಂದ ದಾಟಿಸುವುದು ಅದರ ಕೆಲಸ. ನಾನು ಒಂದು ಬಾಡಿ ಕಟ್ಟುವವರ ಹತ್ತಿರ ಹೋಗಿ, ಇಷ್ಟೆತ್ತರ ಬೇಕು ಅಂತ ಕೈ ತೋರಿಸಿ, ವೆಲ್ಡ್ ಮಾಡಿಸಿಕೊಂಡು ಬಂದೆ. ನೋಡೋಕೆ ಸಕತ್ತಾಗಿತ್ತು. ತಿಂಗಳ ಲೆಕ್ಕ ಹಾಕಿದರೆ ಡೀಸೆಲ್ ಒಂದು ಲೀಟರೂ ಉಳಿದಿಲ್ಲ.

ಎರಡು ತಪ್ಪಾಗಿತ್ತು. ಒಂದು, ಹೋಗುವಾಗ ಲೋಡು ಇರುತ್ತದೆ, ಬರುವಾಗ ಖಾಲಿ. ಖಾಲಿ ಪಿಕಪ್ಪಿನ ಮೇಲೆ ಎದ್ದು ನಿಂತ ಡಿಫ್ಲೆಕ್ಟರ್ ಹಾಯಿಪಟ ಇದ್ದ ಹಾಗೆ, ಇಲ್ಲದ ಗೋಡೆಯನ್ನು ನಾವೇ ಕಟ್ಟಿಕೊಂಡಂತೆ. ಹೋಗುವಾಗ ಉಳಿಸಿದ್ದನ್ನು ಬರುವಾಗ ಕಳೆಯುತ್ತಿದ್ದೆ. ಎರಡನೆಯದು, ಅದು ಲೋಡಿಗಿಂತ ಎತ್ತರ ಇತ್ತು. ಅದೂ ಎದುರು ಮುಖವನ್ನು ದೊಡ್ಡದು ಮಾಡುತ್ತದೆ.

ಹಾಗಾಗಿ ಫಿಕ್ಸ್ ವೆಲ್ಡಿಂಗ್ ಬೇಡ. ಮುಂದಿನ ಅಂಚಿಗೆ ಎರಡು ಗಟ್ಟಿ ಹಿಂಜು, ಹಿಂದೆ ಎರಡು ಆಸರೆ ಪಟ್ಟಿ, ಪಟ್ಟಿಯಲ್ಲಿ ಇಂಚಿಗೊಂದು ತೂತು, ಪಿನ್ ಹಾಕಿ ಲಾಕ್. ಖಾಲಿ ಬರುವಾಗ ಮಡಚಿ ಮಲಗಿಸಿ. ಎತ್ತರ ಎಷ್ಟಿರಬೇಕು? ಗಾಡಿ ಪಕ್ಕ ನಿಂತು, ಡಿಫ್ಲೆಕ್ಟರ್ ಓರೆಯ ಗುಂಟ ಒಂದು ಉದ್ದದ ದಾರ ಹಿಡಿದು ಹಿಂದಕ್ಕೆ ಎಳೆಯಿರಿ. ದಾರ ಲೋಡಿನ ಮುಂದಿನ ಮೇಲಂಚನ್ನು ಸವರಿಕೊಂಡು ಹೋಗಬೇಕು. ಡಿಫ್ಲೆಕ್ಟರಿನ ತುದಿ ಲೋಡಿಗಿಂತ ಸ್ವಲ್ಪ ಕೆಳಗೇ ಇರುತ್ತದೆ, ಇರಲಿ. ಎತ್ತಿದ ಗಾಳಿ ಮುಂದೆಯೂ ಸ್ವಲ್ಪ ಏರಿಯೇ ಹೋಗುತ್ತದೆ. ಹಾಗೇ ಕ್ಯಾಬಿನ್ನಿಗೂ ಲೋಡಿಗೂ ನಡುವಿನ ಸಂದು ಚಿಕ್ಕದಾದಷ್ಟೂ ಒಳ್ಳೆಯದು, ದೊಡ್ಡ ಸಂದಿನಲ್ಲಿ ಗಾಳಿ ಮತ್ತೆ ಒಳಗೆ ಬಿದ್ದು ಸುತ್ತುತ್ತದೆ, ಪಕ್ಕದ ಗಾಳಿ ಬೀಸುವ ದಿನ ಇದು ಇನ್ನೂ ಕೆಟ್ಟದು.

ಗಟ್ಟಿತನದ ಬಗ್ಗೆ ಸುಮ್ನೆ ಅಂದಾಜು ಹಾಕಬೇಡಿ. ಐದಡಿ ಅಗಲ, ಎರಡಡಿ ಎತ್ತರದ ಶೀಟಿನ ಮೇಲೆ 80ರಲ್ಲಿ ಸುಮಾರು 30 ಕೆಜಿ ತೂಕದ ಒತ್ತಡ ಬೀಳುತ್ತದೆ. ಎದುರು ದೊಡ್ಡ ಕಂಟೇನರ್ ರಭಸವಾಗಿ ಹಾದುಹೋದರೆ ಅದು ಒಂದು ಕ್ಷಣ ಇನ್ನೂ ಏರುತ್ತದೆ. ಕ್ಯಾಬಿನ್ ಚಾವಣಿಯ ತೆಳು ತಗಡಿಗೆ ಬೋಲ್ಟ್ ಹಾಕಿದರೆ ಒಂದು ಮಳೆಗಾಲದಲ್ಲಿ ಬಿರುಕು ಬಿಟ್ಟು ನೀರು ಸೋರುತ್ತದೆ. ಭಾರ ಹೊರಬೇಕಾದ್ದು ಬಾಡಿಯ ಹೆಡ್‌ಬೋರ್ಡ್ ಫ್ರೇಮು. ನೈಲಾಕ್ ನಟ್ (ಅದುರಿದರೂ ಸಡಿಲ ಆಗದ್ದು) ಹಾಕಿ, ಕೆಳಗೆ ರಬ್ಬರ್ ವಾಷರ್ ಇಡಿ, ಅಂಚನ್ನು ಮಡಚಿಸಿ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಾದರೆ ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರ್ ಬಿಚ್ಚಿಸುವುದು ಮರೆಯಬೇಡಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಹತ್ತು ವರ್ಷ ಡೀಸೆಲ್ ಉಳಿಸಿದರೂ ದುಡ್ಡು ವಾಪಸ್ ಬರುವುದಿಲ್ಲ.

ನೂಲು ಹೇಳುವ ನಿಜ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಕಾಣಿಸುವ ಅಗ್ಗದ ಉಪಾಯ ನೂಲು. ವಿಮಾನ ಪರೀಕ್ಷೆ ಮಾಡುವವರೂ ಇದನ್ನೇ ಬಳಸುತ್ತಾರೆ. ಬಣ್ಣದ ಉಲ್ಲನ್ ನೂಲನ್ನು ನಾಲ್ಕಿಂಚಿನ ತುಂಡು ಮಾಡಿ, ಒಂದು ತುದಿಗೆ ಮಾತ್ರ ಟೇಪ್ ಹಾಕಿ, ಲೋಡಿನ ಮೇಲೆ, ಬದಿಗೆ, ಡಿಫ್ಲೆಕ್ಟರಿನ ಮೇಲೆ ಅಡಿಗೊಂದರಂತೆ ಅಂಟಿಸಿ. ಹಿಂದೆ ಅಥವಾ ಪಕ್ಕದ ಲೇನಿನಲ್ಲಿ ಇನ್ನೊಂದು ಗಾಡಿಯಲ್ಲಿ ಒಬ್ಬರು ಕೂತು ವಿಡಿಯೊ ಮಾಡಲಿ. ಅವರು ಓಡಿಸುವವರಾಗಿರಬಾರದು. ನೂಲು ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಗಾಳಿ ಅಂಟಿಕೊಂಡು ಹೋಗುತ್ತಿದೆ. ನೂಲು ಕುಣಿಯುತ್ತಿದ್ದರೆ, ಇಲ್ಲ ಮುಂದಕ್ಕೆ ತಿರುಗಿದ್ದರೆ, ಅಲ್ಲಿ ಗಾಳಿ ಬಿಟ್ಟುಹೋಗಿ ಸುಳಿ ಎದ್ದಿದೆ. ಹಿಂಜಿನ ಡಿಫ್ಲೆಕ್ಟರನ್ನು ನಾನು ಮೊದಲ ಸಲ ಎತ್ತಿ ನಿಲ್ಲಿಸಿದಾಗ ಲೋಡಿನ ಮೇಲಿನ ನೂಲೆಲ್ಲ ಊರ ಜಾತ್ರೆಯಲ್ಲಿ ಕುಣಿದ ಹಾಗೆ ಕುಣಿಯುತ್ತಿದ್ದವು. ನಾಲ್ಕು ತೂತು ಕೆಳಗಿಳಿಸಿದ ಮೇಲೆ ಮುಂದಿನ ಎರಡು ಸಾಲು ಮಲಗಿದವು. ಹುಳುವಿನ ಪಟ್ಟಿಯೂ ಲೋಡಿನಿಂದ ಡಿಫ್ಲೆಕ್ಟರಿಗೆ ಇಳಿಯಿತು.

ಮುಚ್ಚಿದ ಪೆಟ್ಟಿಗೆಯ ಗಾಡಿಗೆ ಕೊಳವೆಬಾವಿ ಪೈಪು

1973ರಲ್ಲಿ ಅಮೆರಿಕದ ನಾಸಾದಲ್ಲಿ ಎಡ್ವಿನ್ ಸಾಲ್ಟ್ಜ್‌ಮನ್ ಅನ್ನುವ ಎಂಜಿನಿಯರ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಲಾರಿ ಹಾದುಹೋದಾಗಲೆಲ್ಲ ಮೊದಲು ಗಾಳಿ ಆಚೆ ನೂಕುವುದು, ಆಮೇಲೆ ಲಾರಿಯ ಕಡೆಗೆ ಎಳೆಯುವುದು ಅವರ ಗಮನಕ್ಕೆ ಬಂತು. ಹೈವೇ ಬದಿ ಸೈಕಲ್ ತುಳಿದ ಯಾರಿಗೂ ಇದು ಗೊತ್ತಿರುವ ಅನುಭವವೇ. ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. ಅವರ ತಂಡ ಒಂದು ಫೋರ್ಡ್ ವ್ಯಾನಿಗೆ ಅಲ್ಯುಮಿನಿಯಂ ಶೀಟ್ ಹೊದಿಸಿ, ಎಲ್ಲ ಮೂಲೆ ಚೂಪಾಗಿರುವ ಶೂ ಡಬ್ಬಿಯಂತೆ ಮಾಡಿತು. ಆಮೇಲೆ ಒಂದೊಂದೇ ಅಂಚನ್ನು ದುಂಡಗೆ ಮಾಡುತ್ತ ಅಳೆಯಿತು. ನೆಟ್ಟಗಿನ ಅಂಚುಗಳನ್ನು ಮಾತ್ರ ದುಂಡಗೆ ಮಾಡಿದಾಗ ಗಾಳಿ ತಡೆ ನೂರಕ್ಕೆ 40 ಇಳಿಯಿತು. ಅಡ್ಡ ಅಂಚುಗಳನ್ನೂ ಮಾಡಿದಾಗ 54. ಒಳಗಿನ ಜಾಗ ಕಳೆದದ್ದು ನೂರಕ್ಕೆ ಮೂರು ಮಾತ್ರ.

ನಮ್ಮ ಗಾಡಿಯಲ್ಲಿ ಅಷ್ಟು ಬರುವುದಿಲ್ಲ. ಕ್ಯಾಬಿನ್ ಆಗಲೇ ದುಂಡಗಿದೆ, ಚೂಪಾಗಿರುವುದು ಅದರ ಮೇಲೆ, ಪಕ್ಕದಲ್ಲಿ ಹೊರಗೆ ಕಾಣುವ ಪೆಟ್ಟಿಗೆಯ ಅಂಚು ಮಾತ್ರ. ಆದರೆ ಕೆಲಸ ಎಲ್ಲಿ ಮಾಡಬೇಕು ಅನ್ನುವುದು ಇದರಿಂದ ಸ್ಪಷ್ಟ. ಮುಂದಿನ ಅಂಚು ಮೊದಲು.

ನಾನು ಕಂಡುಕೊಂಡ ದಾರಿ ಬೋರ್‌ವೆಲ್ ಕೇಸಿಂಗ್ ಪೈಪು. ಚಿತ್ರದುರ್ಗ ಜಿಲ್ಲೆಯಲ್ಲಿ ಅದಕ್ಕೆ ಕೊರತೆಯೇ? ಎಂಟಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ನಾಲ್ಕಿಂಚು ತ್ರಿಜ್ಯದ ನಾಲ್ಕು ಕಾಲುಸುತ್ತು ಸಿಗುತ್ತದೆ. ಪೆಟ್ಟಿಗೆಯ ಮುಂದಿನ ಮುಖದ ಮೇಲೆ, ಕ್ಯಾಬಿನ್‌ಗಿಂತ ಮೇಲೆ ಕಾಣುವ ಭಾಗಕ್ಕೆ, ನಾಲ್ಕಿಂಚು ದಪ್ಪದ ಹಗುರ ಫ್ರೇಮ್ ಕೂರಿಸಿ. ನಡುವೆ ಎಸಿಪಿ ಶೀಟು (ಅಂಗಡಿ ಬೋರ್ಡಿಗೆ ಹಾಕುವ ಅಲ್ಯುಮಿನಿಯಂ ಶೀಟು), ಮೇಲಂಚು ಮತ್ತು ಎರಡು ಬದಿಗೆ ಈ ಕಾಲುಸುತ್ತು. ಪೈಪಿನ ಒಂದು ಅಂಚು ಪೆಟ್ಟಿಗೆಯ ಬದಿಗೆ ಸಮನಾಗಿ ಸೇರಬೇಕು, ಇನ್ನೊಂದು ಮುಂದಿನ ಶೀಟಿಗೆ. ಅಗಲವೂ ಬೆಳೆಯುವುದಿಲ್ಲ, ಎತ್ತರವೂ ಬೆಳೆಯುವುದಿಲ್ಲ. ಜೋಡಣೆಯಲ್ಲಿ ಮೆಟ್ಟಿಲು ಬಂದರೆ ಅರ್ಧ ಲಾಭ ಹೋಯಿತು, ಅಲ್ಲಿ ಸೀಲಂಟ್ ತುಂಬಿ ಉಜ್ಜಿ. ಬಿಸಿಲಿಗೆ ಪಿವಿಸಿ ಬಿರುಸಾಗುತ್ತದೆ, ಅದಕ್ಕೆ ಬಣ್ಣ ಹೊಡೆಸಿ. ಕ್ಯಾಬಿನ್ ಮುಂದಕ್ಕೆ ಬಗ್ಗಿಸುವ ಮಾದರಿಯ ಐಷರ್‌ನಂಥ ಗಾಡಿಯಾದರೆ, ಕೂರಿಸುವ ಮೊದಲು ಒಮ್ಮೆ ಬಗ್ಗಿಸಿ ಎತ್ತಿ ನೋಡಿ, ಹಿಂದಿನ ಅಂಚು ತಾಗಬಾರದು.

ಇದರ ಮುಂದೆ ಬದಿಯ ಸ್ಕರ್ಟು, ಅಂದರೆ ಗಾಲಿಗಳ ನಡುವಿನ ಜಾಗ ಮುಚ್ಚುವ ಶೀಟು, ಮೂರನೇ ಮಾತು. ದೊಡ್ಡ ಲಾರಿಗಳಿಗೆ ಮುಂದಿನ ಹಿಂದಿನ ಗಾಲಿಗಳ ನಡುವೆ ಸೈಡ್ ಗಾರ್ಡ್ ಇದ್ದೇ ಇರುತ್ತದೆ, ಅದಕ್ಕೇ ಶೀಟ್ ಹೊಡೆದರೆ ಆಯಿತು. ಪಕ್ಕದ ಗಾಳಿ ಗಾಡಿಯ ಅಡಿಗೆ ನುಗ್ಗಿ ಹಿಂದಿನ ಗಾಲಿ, ಆಕ್ಸಲ್ಲಿಗೆ ಗುದ್ದುವುದು ತಪ್ಪುತ್ತದೆ. ಕೆಳಗಿನ ಒಂದಡಿ ಹಳೆ ಕನ್ವೇಯರ್ ಬೆಲ್ಟಿನ ರಬ್ಬರ್ ಇರಲಿ, ನಮ್ಮ ಹಂಪುಗಳಿಗೆ ತಗಡು ಉಳಿಯುವುದಿಲ್ಲ. ಸೈಲೆನ್ಸರ್, ಅದರಲ್ಲೂ ಬಿಎಸ್ 6ರ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಹತ್ತಿರ ಪ್ಲಾಸ್ಟಿಕ್, ಫ್ಲೆಕ್ಸ್, ರಬ್ಬರ್ ಯಾವುದೂ ಬರಬಾರದು. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವಾಗ ಬೆಂಕಿ ಹತ್ತುವಷ್ಟು ಕಾಯುತ್ತದೆ. ಪಿಕಪ್ಪಿಗೆ ಸ್ಕರ್ಟಿನ ಲಾಭ ಸಣ್ಣದು, ಬಿಡಿ.

ಏನು ಮಾಡಬಾರದು ಅಂದರೆ, ಮುಂದಿನ ಗ್ರಿಲ್ ಮುಚ್ಚಬೇಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಲೋಡ್ ಹಾಕಿ ಏರು ಹತ್ತುವಾಗ ರೇಡಿಯೇಟರಿಗೆ ಸಿಗುವ ಗಾಳಿಯೇ ಸಾಲದು. ಚಾವಣಿ ಹಿಂದೆ ಅಂಟಿಸುವ ಪ್ಲಾಸ್ಟಿಕ್ ರೆಕ್ಕೆಗಳು ಅಲಂಕಾರಕ್ಕೆ ಸರಿ. ಮುಂದಿನ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಡೀಸೆಲ್ ಉಳಿಯುವುದು ನಿಜ, ಅವನು ಬ್ರೇಕ್ ಹಾಕಿದ ದಿನ ನೀವು ಉಳಿಯುವುದಿಲ್ಲ.

ಕಾನೂನಿನದು ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. ಉದ್ದ, ಅಗಲ, ಎತ್ತರ ಮುಟ್ಟಬೇಡಿ. ಬೋಲ್ಟ್ ಬಿಚ್ಚಿದರೆ ಬರುವಂಥದ್ದನ್ನೇ ಹಾಕಿ, ಹಾಕುವ ಮೊದಲು ಆರ್‌ಟಿಓದಲ್ಲಿ ಕೇಳಿ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ತಲೆನೋವು ಇರುವುದಿಲ್ಲ. ಲೈಟು, ರಿಫ್ಲೆಕ್ಟರ್ ಟೇಪು, ನಂಬರ್ ಪ್ಲೇಟು ಮುಚ್ಚಬಾರದು. ಲೋಡು ಬಾಡಿಯಿಂದ ಹೊರಗೆ ಚಾಚಿದರೆ ಅಥವಾ ಮಿತಿಗಿಂತ ಎತ್ತರ ಆದರೆ 2019ರ ತಿದ್ದುಪಡಿಯ ಪ್ರಕಾರ ಕಾಯ್ದೆಯಲ್ಲಿ ದಂಡ 20,000 ರೂಪಾಯಿ. ಮಂಡಕ್ಕಿಯವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಉಳಿಯಿತಾ ಇಲ್ಲವಾ ಅಂತ ನೋಡುವುದು

"ಗಾಡಿ ಹಗುರ ಆದಂಗೆ ಅನ್ನಿಸ್ತು" ಅನ್ನುವುದು ಲೆಕ್ಕ ಅಲ್ಲ. ದುಡ್ಡು ಹಾಕಿದ ಮೇಲೆ ಎಲ್ಲರಿಗೂ ಹಾಗೇ ಅನ್ನಿಸುತ್ತದೆ.

ಟ್ಯಾಂಕ್ ಫುಲ್ ಮಾಡಿ, ಒಂದೇ ಬಂಕು, ಒಂದೇ ನಾಝಲ್, ಗಾಡಿ ನಿಲ್ಲಿಸುವ ಜಾಗವೂ ಒಂದೇ, ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ, ಮತ್ತೆ ಹನಿ ಹನಿ ತುಂಬಿಸಬೇಡಿ. ಮೊದಲು ಡಿಫ್ಲೆಕ್ಟರ್ ಇಲ್ಲದೆ ಎರಡು ಟ್ರಿಪ್, ಆಮೇಲೆ ಹಾಕಿ ಎರಡು ಟ್ರಿಪ್, ಮತ್ತೆ ಬಿಚ್ಚಿ ಒಂದು ಟ್ರಿಪ್. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಸತ್ಯ ಹೇಳುವುದು ಅದೇ. ಬಿಚ್ಚಿದಾಗ ಮೈಲೇಜ್ ಹಳೆಯ ಅಂಕಿಗೆ ಬಿದ್ದರೆ ಮಾತ್ರ ಲಾಭ ಡಿಫ್ಲೆಕ್ಟರಿನದು, ಇಲ್ಲದಿದ್ದರೆ ಹವೆಯದು ಅಥವಾ ಡ್ರೈವರಿನದು.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು? ದೊಡ್ಡ ಲಾರಿಗಳಿಗೆ ಹೈವೇಯಲ್ಲಿ ಗಾಳಿ ತಡೆ ನೂರಕ್ಕೆ ಹತ್ತು ಇಳಿದರೆ ಡೀಸೆಲ್ ಸುಮಾರು ಐದು ಇಳಿಯುತ್ತದೆ. ಎತ್ತರದ ಹಗುರ ಲೋಡಿನ ಪಿಕಪ್ಪಿಗೆ ಏಳರ ತನಕ ಅಂದುಕೊಳ್ಳಿ. ದಾವಣಗೆರೆ ಬೆಂಗಳೂರು ಹೋಗಿ ಬಂದರೆ 520 ಕಿಲೋಮೀಟರ್, ಲೀಟರಿಗೆ ಹತ್ತು ಕೊಟ್ಟರೆ 52 ಲೀಟರ್. ಏಳು ಪಾಲು ಉಳಿದರೆ ಮೂರೂವರೆ ಲೀಟರ್ ಚಿಲ್ಲರೆ, 90 ರೂಪಾಯಿ ಲೆಕ್ಕದಲ್ಲಿ ಟ್ರಿಪ್ಪಿಗೆ 325 ರೂಪಾಯಿ. ತಿಂಗಳಿಗೆ ಎಂಟು ಟ್ರಿಪ್ ಹೊಡೆದರೆ 2,600. ಖಾಲಿ ಬರುವ ಟ್ರಿಪ್ಪಿನಲ್ಲಿ ಅಷ್ಟು ಬರುವುದಿಲ್ಲ, ಅದನ್ನು ಕಳೆದುಕೊಳ್ಳಿ. ಇದನ್ನು ನೋಡಿಕೊಂಡು ಬಾಡಿ ಕಟ್ಟುವವರ ಜೊತೆ ಚೌಕಾಸಿ ಮಾಡಿ.

ಡೀಸೆಲ್ ಸುಡದೆಯೂ ಪರೀಕ್ಷೆ ಮಾಡಬಹುದು. ಬೆಳಗಿನ ಜಾವ, ಭದ್ರಾ ನಾಲೆ ಸೀಮೆಯಲ್ಲಿ ಒಂದು ನೇರ, ಸಮತಟ್ಟು, ಜನ ದನ ಓಡಾಡದ ರಸ್ತೆ ಹುಡುಕಿ. ಹೈವೇ ಬೇಡ. 60ಕ್ಕೆ ಹೋಗಿ ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಬೇಡಿ, ಬ್ರೇಕು ಸ್ಟೇರಿಂಗ್ ಬೇಕು. 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ನೋಡಲಿ. ಆ ಕಡೆಗೆ ಮೂರು ಸಲ, ಈ ಕಡೆಗೆ ಮೂರು ಸಲ, ಸರಾಸರಿ. ಮೇಲೆ ಹೇಳಿದ ಮಂಡಕ್ಕಿ ಪಿಕಪ್ಪಿಗೆ ಇದು 20 ಸೆಕೆಂಡಿನ ಆಸುಪಾಸು ಬರಬೇಕು. ಮಾರ್ಪಾಡು ಆದ ಮೇಲೆ ಎರಡು ಸೆಕೆಂಡ್ ಜಾಸ್ತಿ ಉರುಳಿದರೆ ಗಾಳಿ ತಡೆ ನೂರಕ್ಕೆ 15ರಷ್ಟು ಇಳಿದಿದೆ ಅಂತ ಲೆಕ್ಕ.

ಗಾಳಿ ಇರುವ ದಿನ ಇದನ್ನು ಮಾಡಿದರೆ ಅಂಕಿ ಎಲ್ಲ ಸುಳ್ಳು. ಚಿತ್ರದುರ್ಗದ ಕಡೆಯವರಿಗೆ ಒಂದು ಅನುಕೂಲ ಇದೆ, ಎದ್ದ ಕೂಡಲೇ ಗುಡ್ಡದ ಕಡೆ ನೋಡಿದರೆ ಸಾಕು. ವಿಂಡ್‌ಮಿಲ್ ರೆಕ್ಕೆ ಜೋರಾಗಿ ತಿರುಗುತ್ತಿದ್ದರೆ ವಾಪಸ್ ಹೋಗಿ ಮಲಗಿ. ನಿಂತಿದ್ದರೆ ಗಾಡಿ ತೆಗೆಯಿರಿ.